‘ಆಗ’ ಬೇರೆ, ‘ಆಗೆಲ್ಲ’ ಬೇರೆ

ಪ್ರಶ್ನೆ: ನಾನು ನರ್ಸಿಂಗ್ ಓದಿ ಎರಡು ವರ್ಷದಿಂದ ಒಂದು ನರ್ಸಿಂಗ್ ಹೋಂನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಮೊನ್ನೆ ಬೆಂಗಳೂರಿನಲ್ಲಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ರಾತ್ರಿ ಕೆಲಸ ಅಭ್ಯಾಸ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್’ ಎಂದೆ. ‘ಹಾಗಾದರೆ ಯಾಕೆ ಬಿಟ್ಟಿರಿ?’ ಎಂದರು. ನಾನು ಬಿಟ್ಟೇ ಇಲ್ಲ! ಏನು ಹೇಳಬೇಕೋ ತೋಚದೆ ಸುಮ್ಮನಾದೆ. ಯೂಸ್ಡ್ ಟು ಅಂದರೆ ಅಭ್ಯಾಸ ಎಂದೇ ಶಾಲೆಯಲ್ಲಿ ಬರೆಸಿದ್ದರು. ಎಲ್ಲಿ ತಪ್ಪಾಯಿತು? ಅಕಸ್ಟಮ್ಡ್, ಹ್ಯಾಬಿಚುಯೇಟೆಡ್, ಫೆಮಿಲಿಯರ್ ಇವನ್ನೆಲ್ಲ ಎಲ್ಲೆಲ್ಲಿ ಹೇಳಬೇಕು?
– ಓದುಗಿ, ಧನಗೆರೆ, ಕೊಳ್ಳೇಗಾಲ ತಾಲ್ಲೂಕು

ಉತ್ತರ: ನೀವು ಹೇಳಬೇಕೆಂದಿದ್ದು ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್’. ನಿಮ್ಮ ಮಾತಿನಲ್ಲಿ ಒಂದು ‘ಆಮ್’, ಒಂದು ‘ಇಂಗ್’ ಬಿಟ್ಟುಹೋದವು. ಅಷ್ಟು ಬಿಟ್ಟದ್ದಕ್ಕೆ, ಇವತ್ತೂ ನೀವು ನಿದ್ದೆಗೆಟ್ಟು ಮಾಡುತ್ತಿರುವ ಕೆಲಸ ಕೇಳಿದವರ ಕಿವಿಯಲ್ಲಿ ಎಂದೋ ಬಿಟ್ಟ ಕೆಲಸವಾಯಿತು. ಅವರು ‘ಯಾಕೆ ಬಿಟ್ಟಿರಿ’ ಎಂದದ್ದರಲ್ಲಿ ತಪ್ಪಿಲ್ಲ, ನೀವು ತಬ್ಬಿಬ್ಬಾದದ್ದರಲ್ಲೂ ತಪ್ಪಿಲ್ಲ. ಶಾಲೆಯಲ್ಲಿ ಎರಡು ಬೇರೆ ಬೇರೆ ಪ್ರಯೋಗಗಳನ್ನು ಒಂದೇ ಅರ್ಥದ ಕೆಳಗೆ ಬರೆಸಿಬಿಟ್ಟರೆ ಮಕ್ಕಳು ಏನು ಮಾಡಬೇಕು? ಈ ಗಂಟನ್ನು ಬಿಡಿಸಲು ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕಿಂತ ನಿಮ್ಮ ಊರು ಮತ್ತು ನಿಮ್ಮ ಮನೆಯ ಮಾತು ಹೆಚ್ಚು ನೆರವಿಗೆ ಬರುತ್ತವೆ. ಅಲ್ಲಿಂದಲೇ ಹೊರಡೋಣ.

ಮೊದಲು ಊರು. ಟಿಪ್ಪು ಮಡಿದ 1799ರಲ್ಲಿ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮುಂದೆ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಯಳಂದೂರಿನಿಂದ ಕೊಳ್ಳೇಗಾಲದ ಸಂತೆಗೆ ಹೊರಟವರು ಮಹಾರಾಜರ ಸೀಮೆ ದಾಟಿ ಬ್ರಿಟಿಷರ ಸೀಮೆಗೆ ಕಾಲಿಡುತ್ತಿದ್ದರು. ಮಾತು ಅದೇ, ದೇವರು ಮಾದಪ್ಪ ಅದೇ, ರಾಗಿಮುದ್ದೆಯೂ ಅದೇ, ಸರ್ಕಾರ ಬೇರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಹೊಸದಾಗಿ ಆದ ಚಾಮರಾಜನಗರ ಜಿಲ್ಲೆಗೆ ಹೋಯಿತು. ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು.

ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. ‘ಕೊಳ್ಳೇಗಾಲ ಯೂಸ್ಡ್ ಟು ಬಿ ಇನ್ ಕೊಯಮತ್ತೂರ್ ಡಿಸ್ಟ್ರಿಕ್ಟ್.’ ‘ಇಟ್ ಯೂಸ್ಡ್ ಟು ಬಿ ಇನ್ ಮೈಸೂರ್ ಡಿಸ್ಟ್ರಿಕ್ಟ್.’ ‘ಹನೂರ್ ಯೂಸ್ಡ್ ಟು ಬಿ ಇನ್ ಕೊಳ್ಳೇಗಾಲ ತಾಲೂಕ್.’ ಮೂರೂ ಸರಿಯಾದ ವಾಕ್ಯಗಳು. ಮೂರರ ಹೊಟ್ಟೆಯಲ್ಲೂ ಬಾಯಿಬಿಟ್ಟು ಹೇಳದ ಒಂದು ಮಾತು ಕೂತಿದೆ: ‘ಈಗಿಲ್ಲ’. ಹಿಂದೆ ‘ಆಮ್’, ‘ಈಸ್’, ‘ವಾಸ್’ ಯಾವುದೂ ಇಲ್ಲದೆ ‘ಯೂಸ್ಡ್ ಟು’ ಒಂದೇ ಬಂದು, ಮುಂದೆ ಬರಿಯ ಕ್ರಿಯಾಪದ ಬಂದರೆ ಅದರ ಅರ್ಥ ಇಷ್ಟೇ. ಹಿಂದೆ ಇತ್ತು, ಈಗಿಲ್ಲ. ಹಿಂದೆ ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ನಿಮ್ಮ ಎದುರು ಕೂತವರು ಕೇಳಿಸಿಕೊಂಡದ್ದು ಆ ‘ಈಗಿಲ್ಲ’ವನ್ನು.

ಕನ್ನಡದವರಿಗೆ ಇದು ಕೈಕೊಡುವುದೇಕೆಂದರೆ, ನಮ್ಮ ‘ಮಾಡುತ್ತಿದ್ದೆ’ಯಲ್ಲಿ ಆ ‘ಈಗಿಲ್ಲ’ ಅಡಗಿಲ್ಲ. ಜೊತೆಗೆ ಆ ಒಂದೇ ರೂಪ ಎರಡು ಹೊರೆ ಹೊರುತ್ತದೆ. ‘ನೀನು ಫೋನ್ ಮಾಡಿದಾಗ ನಾನು ಊಟ ಮಾಡುತ್ತಿದ್ದೆ’ ಎನ್ನುತ್ತೇವೆ. ‘ಚಿಕ್ಕವಳಿದ್ದಾಗ ಅಜ್ಜಿ ಮನೆಯಲ್ಲಿ ಊಟ ಮಾಡುತ್ತಿದ್ದೆ’ ಎಂದೂ ಎನ್ನುತ್ತೇವೆ. ಮೊದಲನೆಯದು ಆ ಗಳಿಗೆಯಲ್ಲಿ ನಡೆಯುತ್ತಿದ್ದ ಒಂದೇ ಒಂದು ಊಟ. ಎರಡನೆಯದು ವರ್ಷಗಟ್ಟಲೆ ಉಂಡ ಊಟಗಳು. ಇಂಗ್ಲಿಷ್ ಮೊದಲನೆಯದಕ್ಕೆ ‘ಐ ವಾಸ್ ಈಟಿಂಗ್’ ಎನ್ನುತ್ತದೆ, ಎರಡನೆಯದಕ್ಕೆ ‘ಐ ಯೂಸ್ಡ್ ಟು ಈಟ್’. ನಮ್ಮ ಹುಡುಗರು ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್’ ಎಂದು ಬರೆಯುವುದು ಈ ಕಾರಣಕ್ಕೆ. ‘ಹೋಗುತ್ತಿದ್ದೆ’ಯನ್ನು ಪದಕ್ಕೆ ಪದ ಇಟ್ಟು ಬರೆದಿರುತ್ತಾರೆ. ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’ ಎಂದರೆ ಮುಗಿಯಿತು.

ಎರಡನ್ನೂ ಬೇರೆ ಮಾಡಲು ನನಗೆ ಗೊತ್ತಿರುವ ಒರೆಗಲ್ಲು ಕನ್ನಡದಲ್ಲೇ ಇದೆ. ವಾಕ್ಯಕ್ಕೆ ‘ಆಗ’ ಸೇರಿಸಿ ನೋಡಿ, ಆಮೇಲೆ ‘ಆಗೆಲ್ಲ’ ಸೇರಿಸಿ ನೋಡಿ. ‘ಆಗ ಊಟ ಮಾಡುತ್ತಿದ್ದೆ’ ಎಂದರೆ ಗಳಿಗೆ. ‘ಆಗೆಲ್ಲ ಅಜ್ಜಿ ಮನೆಯಲ್ಲೇ ಊಟ ಮಾಡುತ್ತಿದ್ದೆ’ ಎಂದರೆ ಕಾಲ. ‘ಆಗೆಲ್ಲ’ ಸಲೀಸಾಗಿ ಕೂತರೆ ‘ಯೂಸ್ಡ್ ಟು’ ಹಾಕಬಹುದು. ‘ಆಗೆಲ್ಲ ನಮ್ಮವ್ವ ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸುತ್ತಿದ್ದಳು.’ ಕೂತಿತಲ್ಲ? ‘ಮೈ ಮದರ್ ಯೂಸ್ಡ್ ಟು ಗ್ರೈಂಡ್ ರಾಗಿ ಬಿಫೋರ್ ಡಾನ್.’ ಇಂಥ ಪದೇ ಪದೇ ಮಾಡಿದ ಕೆಲಸಕ್ಕೆ ‘ವುಡ್’ ಕೂಡ ನಡೆಯುತ್ತದೆ, ‘ಶಿ ವುಡ್ ಗ್ರೈಂಡ್’ ಎನ್ನಬಹುದು. ಆದರೆ ಇರುವಿಕೆಗೆ ‘ವುಡ್’ ಹಾಕಿದರೆ ಕೆಡುತ್ತದೆ. ‘ಕೊಳ್ಳೇಗಾಲ ವುಡ್ ಬಿ ಇನ್ ಕೊಯಮತ್ತೂರ್’ ಎಂದರೆ ಯಾರಿಗೂ ಅರ್ಥವಾಗದು.

ಇನ್ನೊಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ. ಲೆಕ್ಕ ಬಂದ ಕಡೆ ‘ಯೂಸ್ಡ್ ಟು’ ಬರುವುದಿಲ್ಲ. ‘ಅಲ್ಲಿ ಮೂರು ವರ್ಷ ಕೆಲಸ ಮಾಡುತ್ತಿದ್ದೆ’ ಎಂಬುದಕ್ಕೆ ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಎನ್ನಬೇಕು. ಈಗಲೂ ಮಾಡುತ್ತಿದ್ದರೆ ‘ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ಟೂ ಇಯರ್ಸ್’. ಇದು ನಿಮಗೇ ಬೇಕಾಗುವ ವಾಕ್ಯ, ಗುರುತು ಹಾಕಿಟ್ಟುಕೊಳ್ಳಿ.

ಆ ‘ಈಗಿಲ್ಲ’ ಎಷ್ಟು ಭಾರದ್ದು ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಒಂದು ಸಂಗತಿ ಹೇಳಬೇಕು. ಅಲ್ಲಿಯ ಆದಿವಾಸಿಗಳಾದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಕಾಡಿನ ನೆಲದ ಒಣ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗುಬೆಂಕಿ ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನದ ಪೊದೆ ಕಾಡನ್ನು ಮುಚ್ಚಿತು ಎಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಈಗ ಯಾರಾದರೂ ಇಂಗ್ಲಿಷಿನಲ್ಲಿ ‘ದಿ ಸೋಲಿಗಾಸ್ ಯೂಸ್ಡ್ ಟು ಬರ್ನ್ ದಿ ಲಿಟರ್’ ಎಂದು ಬರೆದರೆ ಅದು ಇತಿಹಾಸ. ‘ದಿ ಸೋಲಿಗಾಸ್ ಆರ್ ಯೂಸ್ಡ್ ಟು ಬರ್ನಿಂಗ್’ ಎಂದು ಬರೆದರೆ ಇವತ್ತೂ ಅವರಿಗೆ ಬೆಂಕಿ ಇಡುವುದು ರೂಢಿ ಎಂದಾಗುತ್ತದೆ. ಇಷ್ಟು ಸಣ್ಣ ಪದ ತಪ್ಪಿದರೆ ಒಂದು ಜನದ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ವ್ಯಾಕರಣವನ್ನು ನಾನು ಇಷ್ಟು ಹಟ ಹಿಡಿದು ಹೇಳುವುದು ಪರೀಕ್ಷೆಯ ಅಂಕಕ್ಕಾಗಿ ಅಲ್ಲ.

ಈಗ ನಿಮಗೆ ನಿಜವಾಗಿ ಬೇಕಾಗಿದ್ದ ಇನ್ನೊಂದು ಪ್ರಯೋಗಕ್ಕೆ ಬರೋಣ. ನಿಮ್ಮ ಕಡೆಯ ಮಾತಿನಲ್ಲಿ ‘ನಂಗ ರಾತ್ರಿ ಕೆಲ್ಸ ಒಗ್ಗೋಗದ’ (ಒಗ್ಗಿಹೋಗಿದೆ) ಎನ್ನುತ್ತೀರಿ, ಇಲ್ಲವೇ ‘ನಂಗ ರೂಢಿ ಅದ’ ಎನ್ನುತ್ತೀರಿ. ಇದರಲ್ಲಿ ಕೆಲಸವೇ ಕರ್ತೃ. ಕೆಲಸ ನಮಗೆ ಬಂದು ಒಗ್ಗುತ್ತದೆ, ರೂಢಿ ನಮಗೆ ಆಗುತ್ತದೆ. ನೀರು ಒಗ್ಗಲಿಲ್ಲ, ಹವೆ ಒಗ್ಗಲಿಲ್ಲ, ಊರು ಒಗ್ಗಲಿಲ್ಲ ಎಂದೇ ನಾವು ಹೆಚ್ಚಾಗಿ ಹೇಳುವುದು. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ಅಲ್ಲಿ ಮನುಷ್ಯ ಕರ್ತೃ, ಅವನು ಕೆಲಸ‘ಕ್ಕೆ’ ಒಗ್ಗುತ್ತಾನೆ. ಹಾಗಾಗಿ ‘ನಂಗ’ ಹೋಗಿ ‘ಐ ಆಮ್’ ಆಗಬೇಕು, ‘ರಾತ್ರಿ ಕೆಲ್ಸ’ ಹೋಗಿ ‘ಟು ನೈಟ್ ಶಿಫ್ಟ್ಸ್’ ಆಗಬೇಕು. ಕನ್ನಡದಲ್ಲಿ ನಮಗೆ ಅಂಟಿದ್ದ ‘ಗೆ’ ಪ್ರತ್ಯಯ ಇಂಗ್ಲಿಷಿನಲ್ಲಿ ಕೆಲಸಕ್ಕೆ ಅಂಟುತ್ತದೆ. ಈ ಅದಲುಬದಲನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರದಂತೆ ಕಂಡರೆ ‘ಆಮ್’ ಎಂದೂ ಮರೆಯುವುದಿಲ್ಲ.

ಇನ್ನು ಆ ‘ಇಂಗ್’. ‘ಟು’ ಕಂಡ ಕೂಡಲೇ ಮುಂದೆ ‘ವರ್ಕ್’, ‘ಗೋ’, ‘ಈಟ್’ ಎಂದು ಬರಿಯ ಕ್ರಿಯಾಪದ ಹಾಕುವುದು ನಮಗೆ ಶಾಲೆಯಿಂದ ಬಂದದ್ದು. ಇಲ್ಲಿಯ ‘ಟು’ ಆ ‘ಟು’ ಅಲ್ಲ, ನಮ್ಮ ‘ಗೆ’, ‘ಕ್ಕೆ’. ‘ಗೆ’ ಎಂಬುದು ನಾಮಪದಕ್ಕೆ ಮಾತ್ರ ಹತ್ತುತ್ತದೆ. ‘ಮಾಡುಗೆ’ ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ, ‘ಮಾಡೋದು’ ಎಂದು ಕ್ರಿಯೆಯನ್ನು ನಾಮಪದ ಮಾಡಿಕೊಂಡು ‘ಮಾಡೋದಕ್ಕೆ ಒಗ್ಗಿದ್ದೇನೆ’ ಎನ್ನುತ್ತೇವೆ. ಇಂಗ್ಲಿಷಿನ ‘ವರ್ಕಿಂಗ್’ ಇಲ್ಲಿ ನಮ್ಮ ‘ಕೆಲಸ ಮಾಡೋದು’. ನೇರವಾಗಿ ನಾಮಪದವೇ ಇದ್ದರೆ ‘ಇಂಗ್’ ಕೂಡ ಬೇಡ: ‘ಐ ಆಮ್ ಯೂಸ್ಡ್ ಟು ದಿ ಹೀಟ್’, ಸೆಕೆ ನನಗೆ ರೂಢಿ.

‘ಆಮ್’ ಇದ್ದ ಜಾಗದಲ್ಲಿ ‘ಗೆಟ್’ ಬರುವುದನ್ನೂ ಕೇಳಿರುತ್ತೀರಿ. ಅದರ ವ್ಯತ್ಯಾಸ ನಮ್ಮ ‘ಇರು’ ಮತ್ತು ‘ಆಗು’ಗಳ ವ್ಯತ್ಯಾಸವೇ. ರೂಢಿ ಇದೆ: ಆಮ್ ಯೂಸ್ಡ್ ಟು. ರೂಢಿ ಆಯಿತು: ಗಾಟ್ ಯೂಸ್ಡ್ ಟು. ರೂಢಿ ಆಗುತ್ತಿದೆ: ಆಮ್ ಗೆಟಿಂಗ್ ಯೂಸ್ಡ್ ಟು. ರೂಢಿ ಆಗುತ್ತದೆ, ಹೆದರಬೇಡ: ಯು ವಿಲ್ ಗೆಟ್ ಯೂಸ್ಡ್ ಟು ಇಟ್. ಇಷ್ಟು ಚೆನ್ನಾಗಿ ಒಂದಕ್ಕೊಂದು ಹೊಂದುವ ಜೋಡಿ ಎರಡು ಭಾಷೆಗಳ ನಡುವೆ ಸಿಗುವುದು ಅಪರೂಪ. ಇದನ್ನು ಪಾಠ ಹೇಳುವವರು ಬಳಸಿಕೊಳ್ಳದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹನೂರು ತಾಲ್ಲೂಕಿನ ಒಡೆಯರಪಾಳ್ಯವನ್ನು ನೆನೆಸಿಕೊಳ್ಳಿ. 1970ರ ದಶಕದಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆಯಿತು. ಹಿಮದ ನಾಡಿನಿಂದ ಬಂದವರು ನಮ್ಮ ಬಿಸಿಲಲ್ಲಿ ಕಾಡಂಚಿನ ಹೊಲ ಹದ ಮಾಡಿ ಮೆಕ್ಕೆಜೋಳ ಬೆಳೆದರು. ಅಲ್ಲಿಯ ಮೂರು ತಲೆಮಾರನ್ನು ಸಾಲಾಗಿ ಕೂರಿಸಿದರೆ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುತ್ತದೆ. ಅಜ್ಜ ‘ಯೂಸ್ಡ್ ಟು ಲಿವ್ ಇನ್ ಟಿಬೆಟ್’, ಅಲ್ಲಿದ್ದ, ಈಗಿಲ್ಲ. ಅಪ್ಪನ ಕಾಲದವರು ಇಲ್ಲಿಯ ಸೆಕೆಗೆ ಹೊಂದಿಕೊಂಡರು, ‘ದೇ ಗಾಟ್ ಯೂಸ್ಡ್ ಟು ದಿ ಹೀಟ್’. ಇಲ್ಲೇ ಹುಟ್ಟಿದ ಮೊಮ್ಮಕ್ಕಳಿಗೆ ಕನ್ನಡ ಕೇಳುವುದು ಹೊಸತೇನೂ ಅಲ್ಲ, ‘ದೇ ಆರ್ ಯೂಸ್ಡ್ ಟು ಹಿಯರಿಂಗ್ ಕನ್ನಡ’. ಲಿವ್, ಹೀಟ್, ಹಿಯರಿಂಗ್: ಮೂರು ಕಡೆ ಮೂರು ರೂಪ ಯಾಕೆ ಬಂತೆಂದು ಈಗ ನೀವೇ ಹೇಳಬಲ್ಲಿರಿ.

ಒಂದೇ ‘ಯೂಸ್’ ಪದಕ್ಕೆ ‘ಉಪಯೋಗಿಸು’ ಎಂಬ ಅರ್ಥ, ‘ರೂಢಿ’ ಎಂಬ ಅರ್ಥ ಎರಡೂ ಹೇಗೆ ಬಂದವು ಎಂದು ನಿಮಗೆ ಅನಿಸಿರಬಹುದು. ನಮ್ಮ ‘ಬಳಕೆ’ಯನ್ನು ನೋಡಿ. ಬಳಸು ಎಂದರೆ ಉಪಯೋಗಿಸು. ಬಳಕೆಯ ಮಾತು ಎಂದರೆ ರೂಢಿಯ ಮಾತು. ಬಳಕೆಯ ಜನ ಎಂದರೆ ಹೋಗಿಬಂದು ಮಾಡುವ, ಒಡನಾಟವಿರುವ ಜನ. ದಿನಾ ಕೈಗೆ ಹತ್ತಿದ ವಸ್ತು, ಕಾಲಿಗೆ ಹತ್ತಿದ ದಾರಿ, ಬಾಯಿಗೆ ಹತ್ತಿದ ಮಾತು ನಮ್ಮದಾಗುತ್ತದೆ. ಕಡಲಾಚೆಯ ಭಾಷೆಯೂ ಅದೇ ಜಾಡಿನಲ್ಲಿ ನಡೆದಿದೆ. ಆದರೆ ಉಚ್ಚಾರದಲ್ಲಿ ಅವರು ಎರಡನ್ನೂ ಬೇರೆ ಮಾಡಿಕೊಂಡಿದ್ದಾರೆ. ‘ಚಾಕು ಉಪಯೋಗಿಸಿದೆ’ ಎನ್ನುವಾಗ ‘ಯೂಜ಼್ಡ್’ ಎಂದು ಜ಼ಕಾರ ಗುಂಯ್‌ಗುಡುತ್ತದೆ. ರೂಢಿಯ ಮಾತಿನಲ್ಲಿ ‘ಯೂಸ್ಟು’ ಎಂದು ಸಕಾರ, ಡಕಾರ ಕೇಳಿಸುವುದೇ ಇಲ್ಲ. ಡಕಾರ ಕೇಳಿಸದ ಕಾರಣಕ್ಕೇ ಎಷ್ಟೋ ಜನ ‘ಐ ಯೂಸ್ ಟು ಡ್ರಿಂಕ್ ಟೀ ಡೈಲಿ’ ಎಂದು ಬರೆದುಬಿಡುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ವರ್ತಮಾನಕ್ಕೂ ಆ ಪ್ರಯೋಗ ಇತ್ತು. ಅದು ಸವೆದುಹೋಗಿ ಭೂತಕಾಲವೊಂದೇ ಉಳಿಯಿತು. ಈಗಿನ ದಿನಚರಿಗೆ ‘ಐ ಡ್ರಿಂಕ್ ಟೀ ಎವ್ರಿ ಡೇ’ ಸಾಕು, ಬೇಕಿದ್ದರೆ ‘ಯೂಶುವಲಿ’ ಸೇರಿಸಿ. ‘ಯೂಸ್ ಟು’ ಎಂದು ಡಕಾರವಿಲ್ಲದೆ ಬರೆಯುವುದು ಪ್ರಶ್ನೆಯಲ್ಲಿ, ನಿಷೇಧದಲ್ಲಿ: ‘ಡಿಡ್ ಯು ಯೂಸ್ ಟು ವರ್ಕ್ ದೇರ್?’

ಫೆಮಿಲಿಯರ್ ಬೇರೆ ಜಾತಿಯ ಪದ. ಅದು ರೂಢಿಯಲ್ಲ, ಪರಿಚಯ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುವಾಗ ಇದರ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ವರ್ಷ ವರ್ಷವೂ ಮಾದಪ್ಪನ ಜಾತ್ರೆಗೆ ಹೋಗುವ ಹೆಂಗಸಿಗೆ ಹನೂರು ಯಾವಾಗ ಬರುತ್ತದೆ, ತಾಳಬೆಟ್ಟ ಎಲ್ಲಿ, ಹತ್ತುವುದು ಎಲ್ಲಿಂದ ಶುರು ಎಲ್ಲ ಗೊತ್ತು. ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ. ಆದರೆ ತಿರುವುಗಳು ಶುರುವಾದವೋ ಸೆರಗಿನ ತುದಿಯಲ್ಲಿ ಗಂಟುಹಾಕಿಟ್ಟ ನಿಂಬೆಹಣ್ಣು ತೆಗೆದು ಮೂಗಿಗೆ ಹಿಡಿಯುತ್ತಾಳೆ. ದಾರಿ ಗೊತ್ತು, ತಿರುವು ಒಗ್ಗಿಲ್ಲ. ‘ಶಿ ಈಸ್ ಫೆಮಿಲಿಯರ್ ವಿತ್ ದಿ ರೋಡ್, ಬಟ್ ಶಿ ಈಸ್ ನಾಟ್ ಯೂಸ್ಡ್ ಟು ದಿ ಬೆಂಡ್ಸ್.’ ತಿಳಿವಳಿಕೆಗೆ ಫೆಮಿಲಿಯರ್, ಮೈಮನಸ್ಸು ಒಪ್ಪಿಕೊಂಡದ್ದಕ್ಕೆ ಯೂಸ್ಡ್ ಟು. ಸಂದರ್ಶನದಲ್ಲಿ ನೀವು ‘ಐ ಆಮ್ ಫೆಮಿಲಿಯರ್ ವಿತ್ ನೈಟ್ ಶಿಫ್ಟ್ಸ್’ ಎಂದಿದ್ದರೆ ವ್ಯಾಕರಣ ಸರಿ ಇರುತ್ತಿತ್ತು, ಮಾತಿನ ಬಲ ಕಡಿಮೆಯಾಗುತ್ತಿತ್ತು. ರಾತ್ರಿ ಪಾಳಿ ಎಂದರೇನು ಎಂದು ಗೊತ್ತಿದೆ ಎಂದಷ್ಟೇ ಆಗುತ್ತಿತ್ತು.

ಫೆಮಿಲಿಯರ್ ಪಕ್ಕ ‘ವಿತ್’ ಬರಬೇಕೋ ‘ಟು’ ಬರಬೇಕೋ ಎಂಬುದು ಬಹಳ ಜನರ ಗೊಂದಲ. ಕರ್ತೃ ಮನುಷ್ಯನಾಗಿದ್ದು ಅವನಿಗೆ ವಿಷಯ ಗೊತ್ತಿದ್ದರೆ ‘ವಿತ್’: ಐ ಆಮ್ ಫೆಮಿಲಿಯರ್ ವಿತ್ ದಿಸ್ ಮೆಷಿನ್. ಕರ್ತೃ ವಸ್ತುವಾಗಿದ್ದು ಮನುಷ್ಯ‘ನಿಗೆ’ ಅದರ ಪರಿಚಯವಿದ್ದರೆ ‘ಟು’: ದಿಸ್ ಮೆಷಿನ್ ಈಸ್ ಫೆಮಿಲಿಯರ್ ಟು ಮಿ. ಎರಡನೆಯದು ನಮ್ಮ ‘ನನಗೆ ಪರಿಚಯ’ದ ಪಕ್ಕಾ ಜೋಡಿ. ಮನುಷ್ಯರ ವಿಷಯದಲ್ಲಿ ಮಾತ್ರ ಜೋಪಾನ. ‘ಡಾಕ್ಟರ್ ನನಗೆ ಪರಿಚಯ’ ಎನ್ನಲು ‘ಐ ನೋ ದಿ ಡಾಕ್ಟರ್’ ಎಂದರೆ ಸಾಕು. ಯಾರೊಂದಿಗಾದರೂ ‘ಟೂ ಫೆಮಿಲಿಯರ್’ ಆಗಿದ್ದಾರೆ ಎಂದರೆ ಅತಿ ಸಲುಗೆ ಎಂಬ ಆಕ್ಷೇಪ ಅದರಲ್ಲಿದೆ.

ಅಕಸ್ಟಮ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯೂಸ್ಡ್ ಟು ಮನೆಯ ಸೀರೆಯಾದರೆ ಅಕಸ್ಟಮ್ಡ್ ಟು ಮದುವೆಮನೆಯ ರೇಷ್ಮೆಸೀರೆ. ಅರ್ಥ ಒಂದೇ, ನಿಯಮವೂ ಒಂದೇ: ‘ಆಮ್’ ಬೇಕು, ಮುಂದೆ ‘ಇಂಗ್’ ಇಲ್ಲವೇ ನಾಮಪದ ಬೇಕು. ಅರ್ಜಿಯಲ್ಲಿ ಬರೆಯಿರಿ, ಮಾತಿಗೆ ಬೇಡ.

ಹ್ಯಾಬಿಚುಯೇಟೆಡ್ ಮಾತ್ರ ಬಿಡಿ ಎನ್ನುತ್ತೇನೆ. ನಮ್ಮಲ್ಲಿ ಎಲ್ಲದಕ್ಕೂ ಅದನ್ನು ಹಾಕುವುದುಂಟು. ವೈದ್ಯರು ಅದನ್ನು ಮದ್ದಿಗೋ ಮತ್ತಿಗೋ ದೇಹ ಹೊಂದಿಕೊಂಡದ್ದಕ್ಕೆ ಹೇಳುತ್ತಾರೆ, ಕಾಡುಪ್ರಾಣಿಗಳನ್ನು ಗಮನಿಸುವವರು ಪ್ರಾಣಿ ಮನುಷ್ಯರ ಹೆದರಿಕೆ ಬಿಟ್ಟದ್ದಕ್ಕೆ ಹೇಳುತ್ತಾರೆ. ನಮ್ಮ ‘ಪಳಗು’ ಅದಕ್ಕೆ ಹತ್ತಿರ ಅನಿಸಬಹುದು. 1873–74ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಬಿಳಿಗಿರಿರಂಗನ ಬೆಟ್ಟದ ಸೆರಗಿನಲ್ಲಿ ಖೆಡ್ಡಾ ಮಾಡಿ ಆನೆಗಳನ್ನು ಹಿಡಿಸಿದ. ಹಿಡಿದ ಆನೆ ಮಾವುತನ ಮಾತಿಗೆ ತಲೆಬಾಗುವುದಕ್ಕೆ ನಾವು ಪಳಗುವುದು ಎನ್ನುತ್ತೇವೆ. ‘ಪಳಗಿದ ಕೈ’ ಎಂದು ಮನುಷ್ಯರಿಗೂ ಹೇಳುವುದುಂಟು, ಅದು ಹೊಗಳಿಕೆ. ಹ್ಯಾಬಿಚುಯೇಟೆಡ್‌ಗೆ ಆ ಹೊಗಳಿಕೆಯ ಬಣ್ಣ ಇಲ್ಲ. ಪಳಗಿದ ಕೈ ಎನ್ನಬೇಕಾದರೆ ‘ಎಕ್ಸ್‌ಪೀರಿಯೆನ್ಸ್ಡ್’ ಎನ್ನಿ. ಹಾಗೆಯೇ ‘ಐ ಆಮ್ ಹ್ಯಾವಿಂಗ್ ದಿ ಹ್ಯಾಬಿಟ್ ಆಫ್’ ಎಂಬುದೂ ಬೇಡ. ಓದುವ ಹವ್ಯಾಸವಿದ್ದರೆ ‘ಐ ರೀಡ್ ಎ ಲಾಟ್’ ಎಂದರೆ ಕೇಳುವವರಿಗೆ ಹಿತ.

ಈಗ ಮತ್ತೆ ಸಂದರ್ಶನದ ಕೋಣೆಗೆ ಹೋಗೋಣ. ಇನ್ನೊಂದು ಸಂದರ್ಶನ ಬರುತ್ತದೆ, ಇದೇ ಪ್ರಶ್ನೆ ಬಂದೇ ಬರುತ್ತದೆ. ‘ಆರ್ ಯು ಯೂಸ್ಡ್ ಟು ನೈಟ್ ಶಿಫ್ಟ್ಸ್?’ ಪ್ರಶ್ನೆಯಲ್ಲಿರುವ ‘ಆರ್’ ಕಿವಿಗೆ ಬಿದ್ದರೆ ಉತ್ತರದ ‘ಆಮ್’ ತಾನಾಗಿ ಬರುತ್ತದೆ. ‘ಯೆಸ್. ಐ ಹ್ಯಾವ್ ಬೀನ್ ವರ್ಕಿಂಗ್ ನೈಟ್ಸ್ ಫಾರ್ ಟೂ ಇಯರ್ಸ್, ಆಂಡ್ ಐ ಆಮ್ ಯೂಸ್ಡ್ ಟು ಇಟ್.’ ಮೊದಮೊದಲು ಕಷ್ಟವಾಗಲಿಲ್ಲವೇ ಎಂದು ಕೇಳಿದರೆ ನಿಜವನ್ನೇ ಹೇಳಿ: ‘ಇಟ್ ವಾಸ್ ಹಾರ್ಡ್ ಅಟ್ ಫಸ್ಟ್. ಐ ಯೂಸ್ಡ್ ಟು ಫೀಲ್ ಸ್ಲೀಪಿ ಬೈ ಫೋರ್ ಇನ್ ದಿ ಮಾರ್ನಿಂಗ್. ದೆನ್ ಐ ಗಾಟ್ ಯೂಸ್ಡ್ ಟು ಸ್ಲೀಪಿಂಗ್ ಇನ್ ದಿ ಡೇ.’ ಮುಂಜಾನೆ ನಾಲ್ಕಕ್ಕೆ ತೂಕಡಿಕೆ ಬರುತ್ತಿತ್ತು, ಈಗಿಲ್ಲ. ಹಗಲು ಮಲಗುವುದು ರೂಢಿಯಾಯಿತು. ಧನಗೆರೆಯಿಂದ ಕೊಳ್ಳೇಗಾಲದ ಬಸ್ಸು ಹಿಡಿದು ಕೂತಾಗ ಇವನ್ನು ನಾಲ್ಕಾರು ಸಲ ಬಾಯಿಬಿಟ್ಟೇ ಹೇಳಿಕೊಳ್ಳಿ. ಫಲಿತಾಂಶ ಏನಾಯಿತೆಂದು ಬರೆಯಿರಿ, ಕಾಯುತ್ತಿರುತ್ತೇನೆ.